ಮೇರೆಯ ಕಲ್ಲು: ಪಲೆಸ್ತೀನ ದೇಶದ ಸಮಾಧಾನವನ್ನು ಕುರಿತ ಪಾಠ

ಈ ಪಾಠವನ್ನು ಓದುವದಕ್ಕೆ ಮುಂಚೆ ನಿಮ್ಮ ಸತ್ಯವೇದದ ಕೊನೆಯಲ್ಲಿ ಅಚ್ಚಾಗಿರುವ ಭೂಪಟವನ್ನು ತೆರೆದಿಟ್ಟುಕೊಳ್ಳಿರಿ. ಬಡಗಣದಲ್ಲಿ ಗಲಿಲಾಯ, ನಡುವೆ ಸಮಾರ್ಯ, ತೆಂಕಣದಲ್ಲಿ ಯೂದಾಯ, ಮೂಡಣದಲ್ಲಿ ಯೊರ್ದನ್ ಹೊಳೆ, ಪಡುವಣದಲ್ಲಿ ಸಮುದ್ರ; ಇವೆಲ್ಲ ನಿಮಗೆ ನಿಮ್ಮ ಊರಿನ ಕೇರಿಗಳಷ್ಟೇ ಪರಿಚಿತವಾಗಿವೆ. ಆ ಹೊಳೆಗೂ ಆ ಸಮುದ್ರಕ್ಕೂ ನಡುವಿನ ನೆಲವು ನಮ್ಮ ಬೆಳಗಾವಿ ಜಿಲ್ಲೆಯ ಎರಡರಷ್ಟಿರಬಹುದು, ಅಷ್ಟೇ. ಅದರಲ್ಲಿ ಈಗ ಸುಮಾರು 70 ಲಕ್ಷ ಯೆಹೂದ್ಯರೂ ಸುಮಾರು 70 ಲಕ್ಷ ಅರಬ್ಬರೂ ವಾಸವಾಗಿದ್ದಾರೆ. ಆದರೆ ಈಗ ಅಲ್ಲಿರುವ ಗಡಿಗಳೂ ಗೋಡೆಗಳೂ ಕಾವಲುಚೌಕಿಗಳೂ ನಿಮ್ಮ ಭೂಪಟದಲ್ಲಿ ಕಾಣಿಸುವದಿಲ್ಲ. ಬೇತ್ಲೆಹೇಮಿನಿಂದ ಯೆರೂಸಲೇಮಿಗೆ ಎರಡು ಹರದಾರಿಯ ದಾರಿ. ಆದರೂ ಬೇತ್ಲೆಹೇಮಿನ ಪಲೆಸ್ತೀನ ಕ್ರೈಸ್ತನು ಯೆರೂಸಲೇಮಿನ ದೇವಾಲಯಕ್ಕೆ ಹೋಗಬೇಕಾದರೆ ರಹದಾರಿ ಚೀಟಿ ಬೇಕು.

ಕಳೆದ ಮಳೆಗಾಲದಲ್ಲಿ ಒಂದು ಹಳ್ಳಿಯ ಪಾಠದ ಕೂಟದಲ್ಲಿ ಆದಿಕಾಂಡವನ್ನು ಓದುತ್ತಿದ್ದಾಗ ಹಿರಿಯರೊಬ್ಬರು ನನ್ನನ್ನು ಕೇಳಿದರು: "ಉಪದೇಶಕರೇ, ಆ ದೇಶವನ್ನು ದೇವರು ಅಬ್ರಹಾಮನ ಸಂತತಿಗೆ ಕೊಟ್ಟಾಯಿತಲ್ಲ, ಇನ್ನು ಜಗಳವೇಕೆ?" ಅವರ ಹಿಂದೆ ಕುಳಿತಿದ್ದ ಯೌವನಸ್ಥನೊಬ್ಬನು ಥಟ್ಟನೆ, "ಯೆಹೂದ್ಯರು ಹೊರಗಿನಿಂದ ಬಂದವರಪ್ಪಾ, ಬಂದ ದಾರಿಯಲ್ಲೇ ಹೋದರೆ ಜಗಳ ತೀರಿತು" ಎಂದನು. ಇಬ್ಬರ ಉತ್ತರವೂ ಒಂದೇ ಉಸಿರಿನಲ್ಲಿ ಮುಗಿಯಿತು. ನನಗೆ ಆ ರಾತ್ರಿ ತಕ್ಕ ಮಾತು ಸಿಕ್ಕಲಿಲ್ಲ. ಆಮೇಲೆ ನಾನು ಓದಿ ತಿಳುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಆ ಹಿರಿಯರಿಗೆ ಒಂದು ಮಾತು. ವಾಗ್ದಾನವನ್ನು ಹೊಂದಿದ್ದ ಅಬ್ರಹಾಮನೇ ತನ್ನ ಹೆಂಡತಿಯಾದ ಸಾರಳನ್ನು ಹೂಣಿಡುವದಕ್ಕೆ ಸ್ಥಳ ಬೇಕಾದಾಗ ಏನು ಮಾಡಿದನು? ಹೆಬ್ರೋನಿನಲ್ಲಿ ಹಿತ್ತಿಯನಾದ ಎಫ್ರೋನನಿಗೆ 400 ಶೆಕೆಲ್ ಬೆಳ್ಳಿಯನ್ನು ತೂಗಿ ಕೊಟ್ಟು, ಊರಬಾಗಿಲಲ್ಲಿ ಕೂಡಿದ ಸಾಕ್ಷಿಗಳ ಎದುರಿನಲ್ಲಿ, ಮಕ್ಪೇಲದ ಹೊಲವನ್ನೂ ಗವಿಯನ್ನೂ ಅದರ ಮೇರೆಯೊಳಗಿನ ಮರಗಳನ್ನೂ ಕ್ರಯಕ್ಕೆ ತೆಗೆದುಕೊಂಡನು. ದೇವರ ಮಾತು ತನಗಿದೆಯೆಂದು ಅವನು ಎಫ್ರೋನನ ಹೊಲಕ್ಕೆ ಬೇಲಿ ಹಾಕಲಿಲ್ಲ. ಇನ್ನು ಆ ಯೌವನಸ್ಥನಿಗೆ: ಅಬ್ರಹಾಮನು ಸತ್ತಾಗ ಇಸಾಕನೂ ಇಷ್ಮಾಯೇಲನೂ ಇಬ್ಬರೂ ಕೂಡಿ ಅವನನ್ನು ಅದೇ ಗವಿಯಲ್ಲಿ ಹೂಣಿಟ್ಟರೆಂದು ಅದೇ ಗ್ರಂಥದಲ್ಲಿ ಬರೆದದೆ. ಆ ಗವಿಯ ವಿಷಯಕ್ಕೆ ಮುಂದೆ ಬರುವೆನು.

ಈಗ ಚರಿತ್ರೆಯನ್ನು ಸಂಕ್ಷೇಪವಾಗಿ ನೋಡೋಣ. ಆ ದೇಶವು ಸುಮಾರು 400 ವರುಷ ತುರ್ಕರ ಕೈಯಲ್ಲಿತ್ತು. ಐರೋಪ್ಯ ದೇಶಗಳಲ್ಲಿ ಹಿಂಸೆಗೊಳಗಾಗಿದ್ದ ಯೆಹೂದ್ಯರಲ್ಲಿ ಕೆಲವರು 1880ರ ದಶಕದಿಂದ ಅಲ್ಲಿಗೆ ಬಂದು ನೆಲಸುತ್ತಿದ್ದರು. 1917ರ ನವೆಂಬರ್ 2ರಲ್ಲಿ ಇಂಗ್ಲೆಂಡಿನ ವಿದೇಶಮಂತ್ರಿ ಬಾಲ್ಫರ್ ಎಂಬವರು, ಪಲೆಸ್ತೀನದಲ್ಲಿ ಯೆಹೂದ್ಯ ಜನಾಂಗಕ್ಕೆ ಒಂದು ನೆಲೆ ಉಂಟಾಗುವಂತೆ ಸಹಾಯಮಾಡುವೆವೆಂದೂ ಅಲ್ಲಿರುವ ಇತರರ ಹಕ್ಕುಗಳಿಗೆ ಕುಂದು ಬಾರಕೂಡದೆಂದೂ ಒಂದು ಪತ್ರ ಬರೆದರು. ಆ ಇತರರು ಆಗ ದೇಶದ ನಿವಾಸಿಗಳಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಪಾಲು. ಅವರ ಹೆಸರು ಪತ್ರದಲ್ಲಿ ಬರಲಿಲ್ಲ. ಮರುವರುಷ, 1918ರ ಸೆಪ್ಟೆಂಬರ್ 23ರಲ್ಲಿ, ಜೋಧಪುರದ ಸವಾರರೊಂದಿಗೆ ನಮ್ಮ ಮೈಸೂರು ಸಂಸ್ಥಾನದ ಸವಾರರು ಕರ್ಮೆಲ್ ಬೆಟ್ಟದ ಬಳಿಯಲ್ಲಿರುವ ಹೈಫಾ ಪಟ್ಟಣವನ್ನು ತುರ್ಕರಿಂದ ಹಿಡಿದರು. ಆದಕಾರಣ ಆ ದೇಶದ ಕಥೆಯಲ್ಲಿ ನಮ್ಮ ನಾಡಿನವರಿಗೂ ಒಂದು ಪಾಲುಂಟು.

ತರುವಾಯ ಸುಮಾರು 30 ವರುಷ ಇಂಗ್ಲಿಷರು ಆಳಿದರು. ಜರ್ಮನಿಯ ಹಿಟ್ಲರನ ಕಾಲದಲ್ಲಿ 60 ಲಕ್ಷ ಯೆಹೂದ್ಯರು ಕೊಲ್ಲಲ್ಪಟ್ಟ ಮೇಲೆ, ಉಳಿದವರಿಗೆ ಒಂದು ಆಶ್ರಯಸ್ಥಾನ ಬೇಕೆಂಬದು ಲೋಕಕ್ಕೆಲ್ಲ ತೋರಿತು. 1947ರಲ್ಲಿ ವಿಶ್ವಸಂಸ್ಥೆಯು ಹನ್ನೊಂದು ದೇಶಗಳ ಒಂದು ಸಮಿತಿಯನ್ನು ನೇಮಿಸಿತು; ಅದರಲ್ಲಿ ಭಾರತವೂ ಇತ್ತು. ಏಳು ದೇಶಗಳು ನೆಲವನ್ನು ಎರಡು ರಾಜ್ಯಗಳಾಗಿ ಹಂಚಬೇಕೆಂದವು. ಭಾರತ, ಇರಾನ್, ಯುಗೊಸ್ಲಾವಿಯ ಈ ಮೂರು, ಎರಡು ಪ್ರಾಂತಗಳಿರುವ ಒಂದೇ ಕೂಟರಾಜ್ಯವಾಗಲಿ ಎಂದವು. ಆ ವರುಷದ ನವೆಂಬರ್ 29ರಲ್ಲಿ ಹಂಚುವ ಪಕ್ಷಕ್ಕೆ 33 ಮತಗಳೂ ಎದುರಾಗಿ 13 ಮತಗಳೂ ಬಿದ್ದವು. ಯೆಹೂದ್ಯರ ಮುಖಂಡರು ಒಪ್ಪಿದರು. ಜನಸಂಖ್ಯೆಯಲ್ಲಿ ಮೂರನೆಯ ಒಂದು ಪಾಲಿನಷ್ಟಿದ್ದವರಿಗೆ ನೆಲದಲ್ಲಿ ಅರ್ಧಕ್ಕಿಂತ ಹೆಚ್ಚು ಕೊಟ್ಟರೆಂದು ಅರಬ್ಬರು ಒಪ್ಪಲಿಲ್ಲ. ಯುದ್ಧವಾಯಿತು. 1948ರ ಮೇ 14ರಲ್ಲಿ ಇಸ್ರಾಯೇಲ್ ರಾಜ್ಯವು ಸ್ಥಾಪನೆಯಾಯಿತು; ಮಾರನೆಯ ದಿನವೇ ನೆರೆಯ ಅರಬ್ ರಾಜ್ಯಗಳ ದಂಡುಗಳು ಒಳಗೆ ಬಂದವು. ಆ ಯುದ್ಧದಲ್ಲಿ ಸುಮಾರು 7 ಲಕ್ಷ ಪಲೆಸ್ತೀನಿಯರು ಓಡಿಹೋದರು ಅಥವಾ ಓಡಿಸಲ್ಪಟ್ಟರು. ಅನೇಕರು ಬಾಗಿಲಿಗೆ ಬೀಗ ಹಾಕಿ, ಎಂಟು ಹತ್ತು ದಿನಗಳಲ್ಲಿ ಮರಳಿ ಬರುವೆವೆಂದು ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟರು. ಆ ಬೀಗದ ಕೈಗಳು ಮೊಮ್ಮಕ್ಕಳ ಮನೆಗಳಲ್ಲಿ ಇನ್ನೂ ಇವೆ. ಮುಂದಿನ ವರುಷಗಳಲ್ಲಿ ಇರಾಕ್, ಯೆಮನ್ ಮೊದಲಾದ ಅರಬ್ ದೇಶಗಳಿಂದ ಲಕ್ಷಾಂತರ ಯೆಹೂದ್ಯರು ತಮ್ಮ ಮನೆಗಳನ್ನು ಬಿಟ್ಟು ಇಸ್ರಾಯೇಲಿಗೆ ಬರಬೇಕಾಯಿತು. ಈ ಎರಡನ್ನೂ ಒಂದೇ ಬಾಯಿಂದ ಹೇಳುವವರು ಕಡಿಮೆ.

1949ರಲ್ಲಿ ಯುದ್ಧ ನಿಂತಾಗ ದಂಡುಗಳು ಎಲ್ಲಿ ನಿಂತಿದ್ದವೋ ಅಲ್ಲಿ ಭೂಪಟದ ಮೇಲೆ ಹಸುರು ಪೆನ್ಸಿಲಿನಿಂದ ಗೆರೆ ಎಳೆದರು. ಅದಕ್ಕೆ ಹಸುರು ಗೆರೆ ಎಂದೇ ಹೆಸರು ಬಂತು. ಅದು ಯುದ್ಧವಿರಾಮದ ಗೆರೆಯೇ ಹೊರತು ರಾಜ್ಯದ ಮೇರೆಯಾಗಬಾರದೆಂದು ಆಗಲೇ ಬರೆದುಕೊಂಡಿದ್ದರು. 1967ರ ಜೂನ್ ತಿಂಗಳಿನ ಆರು ದಿನಗಳ ಯುದ್ಧದಲ್ಲಿ ಇಸ್ರಾಯೇಲ್ ಆ ಗೆರೆಯನ್ನು ದಾಟಿ, ಯೊರ್ದನಿನ ಪಶ್ಚಿಮ ದಡ, ಯೆರೂಸಲೇಮಿನ ಮೂಡಣ ಭಾಗ, ಗಾಜಾ, ಸಿರಿಯದ ಗೋಲಾನ್, ಐಗುಪ್ತರ ಸೀನಾಯಿ ಇವೆಲ್ಲವನ್ನೂ ಹಿಡಿಯಿತು. ನವೆಂಬರಿನಲ್ಲಿ ಭದ್ರತಾ ಮಂಡಳಿಯು 242ನೆಯ ಠರಾವನ್ನು ಮಾಡಿತು. ಹಿಡಿದ ನೆಲವನ್ನು ಬಿಡುವದು, ಪ್ರತಿಯಾಗಿ ಸಮಾಧಾನವನ್ನೂ ನೆಮ್ಮದಿಯ ಮೇರೆಯನ್ನೂ ಪಡೆಯುವದು, ಇದೇ ಅದರ ತಾತ್ಪರ್ಯ. ಹಿಡಿದ ಎಲ್ಲಾ ನೆಲವೋ ಕೆಲವು ನೆಲವೋ ಎಂಬದಕ್ಕೆ ಇಂಗ್ಲಿಷ್ ಪ್ರತಿಗೂ ಫ್ರೆಂಚ್ ಪ್ರತಿಗೂ ಹೊಂದಿಕೆಯಿಲ್ಲದ ಕಾರಣ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ವಾದ ನಡೆದದೆ.

ಇನ್ನು ನಮ್ಮ ಪಾಠದ ಮುಖ್ಯ ಭಾಗಕ್ಕೆ ಬರೋಣ. ಈ ನಾಡಿನಲ್ಲಿ ಒಡಂಬಡಿಕೆಗಳು ಎಂದೂ ನಿಲ್ಲುವದಿಲ್ಲವೆಂದು ಹೇಳುವವರುಂಟು. ಅದು ನಿಜವಲ್ಲ. ಒಂದು ಒಡಂಬಡಿಕೆ ನಿಂತಿದೆ, ಇನ್ನೊಂದು ಬಿದ್ದುಹೋಯಿತು. ಎರಡೂ ಒಂದೇ ಮೇಜಿನ ಮೇಲೆ ಒಂದೇ ದಿನದಲ್ಲಿ ರುಜುವಾದವುಗಳು.

1977ರ ನವೆಂಬರಿನಲ್ಲಿ ಐಗುಪ್ತದ ಅಧ್ಯಕ್ಷರಾದ ಅನ್ವರ್ ಸಾದಾತರು, ನಾಲ್ಕು ಯುದ್ಧ ಮಾಡಿದ ಶತ್ರುವಿನ ಪಟ್ಟಣವಾದ ಯೆರೂಸಲೇಮಿಗೆ ತಾವೇ ಹೋಗಿ ಇಸ್ರಾಯೇಲಿನ ಶಾಸನಸಭೆಯಲ್ಲಿ ನಿಂತು ಮಾತಾಡಿದರು. ಮರುವರುಷದ ಸೆಪ್ಟೆಂಬರಿನಲ್ಲಿ ಅಮೆರಿಕದ ಕ್ಯಾಂಪ್ ಡೇವಿಡ್ ಎಂಬಲ್ಲಿ ಅವರೂ ಇಸ್ರಾಯೇಲಿನ ಪ್ರಧಾನಿ ಮೆನಾಕೆಮ್ ಬೆಗಿನರೂ ಅಧ್ಯಕ್ಷ ಜಿಮ್ಮಿ ಕಾರ್ಟರರೂ 13 ದಿನ ಕುಳಿತು ಎರಡು ಪತ್ರಗಳನ್ನು ಸಿದ್ಧಪಡಿಸಿದರು. ಒಂದು ಪತ್ರವು ಸೀನಾಯಿಯ ವಿಷಯ. ಅದರಲ್ಲಿ ಮೇರೆ ಯಾವದು, ದಂಡು ಎಷ್ಟು ವರುಷಗಳೊಳಗೆ ಹಿಂದಕ್ಕೆ ಹೋಗಬೇಕು, ಯಾವ ಪಟ್ಟಿಯಲ್ಲಿ ಎಷ್ಟು ಸಿಪಾಯಿಗಳಿರಬಹುದು, ನಡುವೆ ಯಾರು ಕಾವಲಿರಬೇಕು ಎಂಬದೆಲ್ಲ ನಿಶ್ಚಯವಾಗಿತ್ತು. ಮತ್ತೊಂದು ಪತ್ರವು ಪಶ್ಚಿಮ ದಡ, ಗಾಜಾ ಇವುಗಳ ಪಲೆಸ್ತೀನಿಯರ ವಿಷಯ. ಅದರಲ್ಲಿ ಐದು ವರುಷ ಒಂದು ಬಗೆಯ ಸ್ವಯಮಾಡಳಿತವೆಂದೂ, ಕೊನೆಯ ನಿರ್ಣಯವನ್ನು ಆಮೇಲೆ ನೋಡೋಣವೆಂದೂ ಇತ್ತು. ಮೇರೆ ನಿಶ್ಚಯವಾಗಿರಲಿಲ್ಲ. ಯಾರ ವಿಷಯ ಬರೆದರೋ ಆ ಪಲೆಸ್ತೀನಿಯರಲ್ಲಿ ಒಬ್ಬರೂ ಆ ಮೇಜಿನ ಬಳಿಯಲ್ಲಿರಲಿಲ್ಲ.

ಮೊದಲನೆಯ ಪತ್ರದಿಂದ 1979ರ ಮಾರ್ಚ್ 26ರ ಸಂಧಿ ಹುಟ್ಟಿತು. ಅದಕ್ಕೆ ತೆತ್ತ ಬೆಲೆ ಅಲ್ಪವಲ್ಲ. ಐಗುಪ್ತವನ್ನು ಅರಬ್ ರಾಜ್ಯಗಳ ಕೂಟದಿಂದ ಹೊರಗಿಟ್ಟರು. 1981ರ ಅಕ್ಟೋಬರ್ 6ರಲ್ಲಿ ಸಾದಾತರನ್ನು ಅವರ ಸ್ವಂತ ಸಿಪಾಯಿಗಳೇ ಗುಂಡಿಟ್ಟು ಕೊಂದರು. ಇಸ್ರಾಯೇಲಿನವರು ಸೀನಾಯಿಯಲ್ಲಿ ತಾವೇ ಕಟ್ಟಿದ ಯಾಮಿತ್ ಎಂಬ ಊರನ್ನು ತಮ್ಮ ಕೈಯಾರೆ ಕೆಡವಿ, ಬಿಡಲೊಲ್ಲದವರನ್ನು ಎತ್ತಿಕೊಂಡು ಹೊರಗೆ ತಂದರು. ಆದರೂ 1982ರ ಏಪ್ರಿಲ್ 25ರಲ್ಲಿ ದಂಡು ಹೊರಟುಹೋಯಿತು.

ಹೋಗುವಾಗ ಒಂದು ಚಿಕ್ಕ ತುಂಡು ಉಳಿಯಿತು. ಕೆಂಪು ಸಮುದ್ರದ ತಲೆಯಲ್ಲಿ ತಾಬಾ ಎಂಬ ಕಡಲತೀರ. ಅಗಲ ಉದ್ದ ಎಲ್ಲಾ ಕೂಡಿ ಒಂದು ಚದರ ಕಿಲೋಮೀಟರು ಮಾತ್ರ, ಅದರಲ್ಲಿ ಒಂದು ದೊಡ್ಡ ಹೋಟೆಲು. 1906ರಲ್ಲಿ ತುರ್ಕರ ನೆಲಕ್ಕೂ ಐಗುಪ್ತಕ್ಕೂ ನಡುವೆ ಮೇರೆಯ ಕಲ್ಲುಗಳನ್ನು ನೆಟ್ಟಿದ್ದರು. ಅವುಗಳಲ್ಲಿ ಕಡಲ ಬಳಿಯ ಕೊನೆಯ ಕಲ್ಲು, 91ನೆಯದು, ನಿಜವಾಗಿ ಎಲ್ಲಿತ್ತೆಂಬದರ ಮೇಲೆ ತಕರಾರು ಹುಟ್ಟಿತು. ನಮ್ಮಲ್ಲಿ ಬಾಂದುಕಲ್ಲು ಜರುಗಿತೆಂದು ದಾಯಾದಿಗಳು ಒಂದೇ ಬಾವಿಯ ನೀರನ್ನೂ ಬಿಟ್ಟುಬಿಡುವದನ್ನು ನೀವು ಕಂಡಿದ್ದೀರಿ. ಇಲ್ಲಿಯಾದರೋ ಎರಡು ಸರಕಾರಗಳೂ ಸಂಧಿಪತ್ರದಲ್ಲಿ ಮೊದಲೇ ಬರೆದುಕೊಂಡಂತೆ ಪಂಚಾಯಿತಿಗೆ ಒಪ್ಪಿದವು. ಐವರು ಪಂಚರು ಕುಳಿತರು. ಹಳೆಯ ಭೂಪಟಗಳನ್ನೂ ಹಳೆಯ ಛಾಯಾಚಿತ್ರಗಳನ್ನೂ ನೋಡಿ, ಸ್ಥಳವನ್ನೂ ಕಂಡು, 1988ರ ಸೆಪ್ಟೆಂಬರ್ 29ರಲ್ಲಿ ಆ 91ನೆಯ ಕಲ್ಲಿನ ವಿಷಯದಲ್ಲಿ ಐಗುಪ್ತದ ಕಡೆಗೆ ತೀರ್ಪು ಕೊಟ್ಟರು. ಇಸ್ರಾಯೇಲ್ 1989ರ ಮಾರ್ಚ್ ತಿಂಗಳಲ್ಲಿ ತಾಬಾವನ್ನು ಹೋಟೆಲಿನ ಸಹಿತ ಬಿಟ್ಟುಕೊಟ್ಟಿತು. ಒಂದು ಗುಂಡೂ ಹಾರಲಿಲ್ಲ. ಅಂದಿನಿಂದ ಆ ಎರಡು ದೇಶಗಳು ಒಂದನ್ನೊಂದು ಪ್ರೀತಿಸುತ್ತವೆಂದು ನಾನು ಹೇಳಲಾರೆ. ಅವುಗಳ ಸ್ನೇಹವು ತಣ್ಣಗಿನ ಸ್ನೇಹವೇ ಸರಿ. ಆದರೂ ಅವು ಪರಸ್ಪರ ಯುದ್ಧ ಮಾಡಲಿಲ್ಲ.

ಎರಡನೆಯ ಪತ್ರವು ಏನಾಯಿತು? ಅದರಂತೆ ನಡೆದ ಮಾತುಕತೆಗಳು ಕೆಲವು ವರುಷಗಳಲ್ಲಿ ಬತ್ತಿಹೋದವು. 1987ರ ದಶಂಬರಿನಲ್ಲಿ ಗಾಜಾದಲ್ಲಿ ಪ್ರಾರಂಭವಾಗಿ ಪಶ್ಚಿಮ ದಡಕ್ಕೆ ಹಬ್ಬಿದ ದಂಗೆಯು ಆ ಮೌನವನ್ನು ಮುರಿಯಿತು. ಕುರುಬರ ಹೊಲವಿರುವ ಬೇತ್‌ಸಾಹೂರಿನಲ್ಲಿ, ಹೆಚ್ಚು ಮಂದಿ ಕ್ರೈಸ್ತರಾಗಿರುವ ಆ ಊರಿನಲ್ಲಿ, ಜನರು ಕಲ್ಲೆಸೆಯುವದಕ್ಕೆ ಬದಲಾಗಿ ದಂಡಿನ ಆಡಳಿತಕ್ಕೆ ಕಂದಾಯ ಕೊಡುವದನ್ನು ನಿಲ್ಲಿಸಿದರು. 1989ರಲ್ಲಿ ದಂಡಿನವರು ಬಂದು ಮನೆ ಅಂಗಡಿಗಳ ಸಾಮಾನುಗಳನ್ನು ಜಪ್ತಿ ಮಾಡಿಕೊಂಡು ಹೋದರು.

ಆಮೇಲೆ 1993ರ ಸೆಪ್ಟೆಂಬರ್ 13. ನಾರ್ವೆ ದೇಶದ ಓಸ್ಲೋ ಪಟ್ಟಣದ ಸುತ್ತಲಲ್ಲಿ ಗುಟ್ಟಾಗಿ ನಡೆದ ಸಂಭಾಷಣೆಯ ಫಲವಾಗಿ ಯಿಟ್ಜಾಕ್ ರಬೀನರೂ ಯಾಸಿರ್ ಅರಾಫಾತರೂ ವಾಷಿಂಗ್ಟನಿನಲ್ಲಿ ಕೈ ಹಿಡಿದರು. ಪಲೆಸ್ತೀನ ವಿಮೋಚನಾ ಸಂಸ್ಥೆಯು ಇಸ್ರಾಯೇಲಿನ ಬದುಕುವ ಹಕ್ಕನ್ನೂ, ಇಸ್ರಾಯೇಲ್ ಆ ಸಂಸ್ಥೆಯನ್ನು ಪಲೆಸ್ತೀನ ಜನರ ಪ್ರತಿನಿಧಿಯೆಂದೂ ಒಪ್ಪಿದವು. ಇದು ಸಣ್ಣ ಕಾರ್ಯವಲ್ಲ. ಅದುವರೆಗೆ ಒಬ್ಬರ ಹೆಸರನ್ನು ಇನ್ನೊಬ್ಬರು ಉಚ್ಚರಿಸುತ್ತಿರಲಿಲ್ಲ. ಆದರೆ ಪತ್ರದ ಒಳಗೆ ಏನಿತ್ತು? ಮತ್ತೆ ಐದು ವರುಷದ ಸ್ವಯಮಾಡಳಿತ. ಮೇರೆ, ಯೆರೂಸಲೇಮು, ನಿರಾಶ್ರಿತರು, ವಸಾಹತುಗಳು, ಭದ್ರತೆ ಇವುಗಳನ್ನೆಲ್ಲ ಮುಂದಕ್ಕೆ ತಳ್ಳಲಾಯಿತು. ಮೊದಲು ವಿಶ್ವಾಸ ಬೆಳೆಯಲಿ, ಕಷ್ಟದ ವಿಷಯಗಳು ಆಮೇಲೆ ಸುಲಭವಾಗುವವು ಎಂಬದು ಅವರ ಎಣಿಕೆ. ಅವರು ಅಪ್ರಾಮಾಣಿಕರೆಂದು ನನಗೆ ತೋರುವದಿಲ್ಲ. ಆದರೂ ಕ್ಯಾಂಪ್ ಡೇವಿಡಿನ ಎರಡು ಪತ್ರಗಳಲ್ಲಿ ನಿಂತದ್ದನ್ನು ಬಿಟ್ಟು ಬಿದ್ದದ್ದನ್ನೇ ಮಾದರಿಯಾಗಿ ಹಿಡಿದರಲ್ಲಾ ಎಂದು ಮನಸ್ಸಿಗೆ ನೋವಾಗುತ್ತದೆ.

ಮೇರೆ ನಿಶ್ಚಯವಾಗದ ಹೊಲದಲ್ಲಿ ನಡುವಿನ ಕಾಲವು ಸುಮ್ಮನಿರುವದಿಲ್ಲ. 1993ರಲ್ಲಿ ಪೂರ್ವ ಯೆರೂಸಲೇಮನ್ನು ಬಿಟ್ಟು ಪಶ್ಚಿಮ ದಡದ ಯೆಹೂದ್ಯ ವಸಾಹತುಗಳಲ್ಲಿ ಲಕ್ಷಕ್ಕೆ ತುಸು ಹೆಚ್ಚು ಜನರಿದ್ದರು. 2023ರ ಹೊತ್ತಿಗೆ ಸುಮಾರು 5 ಲಕ್ಷ. ಒಂದೊಂದು ವಸಾಹತಿಗೆ ಒಂದು ದಾರಿ, ದಾರಿಗೆ ಒಂದು ಕಾವಲು, ಕಾವಲಿಗೆ ಒಂದು ತಡೆ. 1995ರ ಎರಡನೆಯ ಕರಾರಿನಂತೆ ಪಶ್ಚಿಮ ದಡವನ್ನು ಮೂರು ವರ್ಗಗಳಾಗಿ ಒಡೆದರು. ಅದರಲ್ಲಿ ಸುಮಾರು 60 ಪಾಲು ಇಸ್ರಾಯೇಲಿನ ಪೂರ್ಣ ಹತೋಟಿಯಲ್ಲೇ ಉಳಿಯಿತು. ಪಲೆಸ್ತೀನ ರೈತನು ತನ್ನ ಆಲಿವ್ ತೋಪಿನ ಆಚೆಗೆ ಹೊಸ ಮನೆಗಳು ಏಳುವದನ್ನು ನೋಡುತ್ತಾ, ಮಾತುಕತೆ ನಡೆಯುತ್ತದೆಂಬ ಸುದ್ದಿಯನ್ನು ಕೇಳುತ್ತಿದ್ದನು. ಇತ್ತ ಇಸ್ರಾಯೇಲಿನವನು, ದಂಡನ್ನು ಹಿಂದಕ್ಕೆ ತೆಗೆದ ಊರುಗಳಿಂದಲೇ ಬಸ್ಸುಗಳಲ್ಲಿ ಬಾಂಬು ಸಿಡಿಸುವವರು ಬರುವದನ್ನು ಕಂಡು, ಕೊಟ್ಟದ್ದಕ್ಕೆ ಇದೇ ಪ್ರತಿಫಲವೋ ಎಂದನು.

ಈಗ ಆ ಗವಿಯ ಮಾತು. ಮಕ್ಪೇಲದ ಮೇಲೆ ದೊಡ್ಡ ಕಲ್ಲುಕಟ್ಟಡವೊಂದುಂಟು. ಮುಸಲ್ಮಾನರಿಗೆ ಅದು ಇಬ್ರಾಹಿಮಿ ಮಸೀದಿ, ಯೆಹೂದ್ಯರಿಗೆ ಪಿತೃಗಳ ಗವಿ. 1929ರ ಆಗಸ್ಟಿನಲ್ಲಿ ಹೆಬ್ರೋನಿನ ಅರಬ್ಬರ ಗುಂಪು 67 ಮಂದಿ ಯೆಹೂದ್ಯರನ್ನು ಕೊಂದಿತು. ಅದೇ ಊರಿನ ಕೆಲವು ಅರಬ್ ಮನೆಗಳವರು ನೆರೆಯ ಯೆಹೂದ್ಯರನ್ನು ಒಳಗೆ ಬಚ್ಚಿಟ್ಟು ಉಳಿಸಿದರು. 1994ರ ಫೆಬ್ರವರಿ 25ರ ಬೆಳಗಿನ ಜಾವ, ರಂಜಾನ್ ತಿಂಗಳಲ್ಲಿ, ಒಬ್ಬ ಯೆಹೂದ್ಯ ವಸಾಹತುಗಾರನು ಆ ಮಸೀದಿಯೊಳಗೆ ಪ್ರಾರ್ಥಿಸುತ್ತಿದ್ದವರ ಮೇಲೆ ಗುಂಡು ಹಾರಿಸಿ 29 ಮಂದಿಯನ್ನು ಕೊಂದನು. ಅಂದಿನಿಂದ ಕಟ್ಟಡವನ್ನು ಎರಡಾಗಿ ಹಂಚಿ, ಒಂದು ಕಡೆ ಇವರೂ ಒಂದು ಕಡೆ ಅವರೂ ಪ್ರಾರ್ಥಿಸುವಂತೆ ಮಾಡಿದರು. ವರುಷದಲ್ಲಿ ಹತ್ತು ದಿನ ಇವರಿಗೂ ಹತ್ತು ದಿನ ಅವರಿಗೂ ಕಟ್ಟಡವೆಲ್ಲ ದೊರೆಯುವದು. ತಂದೆಯ ಸಮಾಧಿಗೆ ಕೂಡಿ ಬಂದ ಆ ಅಣ್ಣತಮ್ಮಂದಿರ ಹೆಸರನ್ನು ಹೇಳಿಕೊಳ್ಳುವ ಎರಡು ಜನಗಳು ಈಗ ಬೇರೆ ಬೇರೆ ಬಾಗಿಲುಗಳಿಂದ ಒಳಗೆ ಹೋಗುತ್ತಾರೆ. ಮುಂದಿನ ವರುಷ, 1995ರ ನವೆಂಬರ್ 4ರಲ್ಲಿ, ರಬೀನರನ್ನು ಅವರ ಸ್ವಜನದವನೊಬ್ಬನು ಸಮಾಧಾನದ ಸಭೆಯಿಂದ ಹೊರಡುವಾಗಲೇ ಕೊಂದನು. ಸಾದಾತರನ್ನು ಕೊಂದವರು ಇಸ್ರಾಯೇಲಿನವರಲ್ಲ, ರಬೀನರನ್ನು ಕೊಂದವನು ಅರಬ್ಬನಲ್ಲ ಎಂಬದನ್ನು ಮರೆಯಬೇಡಿರಿ.

ಮುಂದಕ್ಕೆ ತಳ್ಳಿದ ವಿಷಯಗಳನ್ನು 2000ದ ಜುಲಾಯಿಯಲ್ಲಿ ಕೊನೆಗೂ ಕೈಗೆತ್ತಿಕೊಂಡರು. ಕೂಡಿದ ಸ್ಥಳವು ಮತ್ತೆ ಕ್ಯಾಂಪ್ ಡೇವಿಡ್. ಅದು ಕೂಡಿಬರಲಿಲ್ಲ; ಸೆಪ್ಟೆಂಬರಿನಲ್ಲಿ ಎರಡನೆಯ ದಂಗೆ, ಮೊದಲನೆಯದಕ್ಕಿಂತ ಬಹಳ ರಕ್ತಮಯವಾದದ್ದು. ರಕ್ತ ಹರಿಯುತ್ತಿರುವಾಗಲೇ 2001ರ ಜನವರಿಯಲ್ಲಿ ಎರಡು ಕಡೆಯವರೂ ಹಿಂದೆ ಹೇಳಿದ ಆ ತಾಬಾದಲ್ಲೇ ಕೂಡಿ ಭೂಪಟಗಳನ್ನು ಹರಡಿಕೊಂಡರು. ಇಷ್ಟು ಹತ್ತಿರಕ್ಕೆ ನಾವೆಂದೂ ಬಂದಿರಲಿಲ್ಲವೆಂದು ಇಬ್ಬರೂ ಕೂಡಿ ಪ್ರಕಟಿಸಿದರು. ಅಷ್ಟರಲ್ಲಿ ಇಸ್ರಾಯೇಲಿನಲ್ಲಿ ಚುನಾವಣೆ ಬಂತು, ಸರಕಾರ ಬದಲಾಯಿತು, ಭೂಪಟಗಳನ್ನು ಸುತ್ತಿಟ್ಟರು.

ಆಮೇಲಿನ ವರುಷಗಳಲ್ಲಿ ಒಬ್ಬರೇ ಮೇರೆ ಹಾಕುವ ಕಾಲ. 2002ರಿಂದ ಇಸ್ರಾಯೇಲ್, ಬಾಂಬಿನವರನ್ನು ತಡೆಯುವದಕ್ಕೆಂದು, ಬೇಲಿಯನ್ನೂ ಎತ್ತರವಾದ ಗೋಡೆಯನ್ನೂ ಕಟ್ಟುತ್ತಾ ಬಂತು. ಅದರ ಹೆಚ್ಚು ಭಾಗವು ಹಸುರು ಗೆರೆಯ ಮೇಲೆ ಇರದೆ ಪಶ್ಚಿಮ ದಡದ ಒಳಗೆ ನುಗ್ಗಿದೆ. ಹಾಗೆ ನುಗ್ಗಿದ ಭಾಗವು ಧರ್ಮವಿರುದ್ಧವೆಂದು 2004ರಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯವು ಅಭಿಪ್ರಾಯ ಕೊಟ್ಟಿತು. 2005ರಲ್ಲಿ ಗಾಜಾದ 21 ವಸಾಹತುಗಳಿಂದ ಸುಮಾರು 8,000 ಜನರನ್ನು ಇಸ್ರಾಯೇಲ್ ತಾನಾಗಿ ಎಬ್ಬಿಸಿ ಹೊರಗೆ ತಂದಿತು. ಇಲ್ಲಿ ಒಂದು ಆಕ್ಷೇಪ ಬರುವದು: ಗಾಜಾಕ್ಕೆ ಸ್ಪಷ್ಟವಾದ ಮೇರೆಯಿತ್ತಲ್ಲ, ಅಲ್ಲಿ ಸಮಾಧಾನವೇಕೆ ಬರಲಿಲ್ಲ? ಆಕ್ಷೇಪವು ಸರಿಯಾದದ್ದೇ. ಆದರೆ ಗಾಜಾವನ್ನು ಬಿಟ್ಟದ್ದು ಯಾವ ಕರಾರೂ ಇಲ್ಲದೆ. ಆಚೆಯ ಕೈ ಏನನ್ನೂ ಮಾತುಕೊಡಲಿಲ್ಲ, ಈಚೆಯ ಕೈ ಬಂದರನ್ನೂ ಆಕಾಶವನ್ನೂ ಬಾಗಿಲುಗಳನ್ನೂ ಬಿಟ್ಟುಕೊಡಲಿಲ್ಲ. 2006ರಲ್ಲಿ ಹಮಾಸ್ ಪಕ್ಷವು ಚುನಾವಣೆಯನ್ನು ಗೆದ್ದು, 2007ರಲ್ಲಿ ಬಲಾತ್ಕಾರದಿಂದ ಗಾಜಾವನ್ನು ಹಿಡಿಯಿತು. ರಾಕೆಟುಗಳು ಹೊರಗೆ ಹೋದವು, ದಿಗ್ಬಂಧನವು ಒಳಗೆ ಬಿಗಿಯಾಯಿತು. ತಾಬಾದ ಕಲ್ಲನ್ನು ನಿಲ್ಲಿಸಿದ್ದು ಇಬ್ಬರ ಕೈ, ಪಂಚರ ಕಣ್ಣು.

2023ರ ಅಕ್ಟೋಬರ್ 7ರಲ್ಲಿ ಹಮಾಸಿನವರು ಗಡಿಬೇಲಿಯನ್ನು ಮುರಿದು ಬಂದು ಸುಮಾರು 1,200 ಮಂದಿಯನ್ನು ಕೊಂದು ಸುಮಾರು 250 ಮಂದಿಯನ್ನು ಸೆರೆಯಾಗಿ ಎಳೆದುಕೊಂಡು ಹೋದರು. ಹಸುಗೂಸಿನ ತಾಯಂದಿರೂ ಮುದುಕರೂ ಅವರಲ್ಲಿದ್ದರು. ತರುವಾಯದ ಯುದ್ಧದಲ್ಲಿ, ಗಾಜಾದ ಆರೋಗ್ಯ ಇಲಾಖೆಯ ಲೆಕ್ಕದಂತೆ, 2025ರ ಅಕ್ಟೋಬರಿನ ಹೊತ್ತಿಗೆ 67,000ಕ್ಕೂ ಹೆಚ್ಚು ಪಲೆಸ್ತೀನಿಯರು ಸತ್ತಿದ್ದರು. ಅವರಲ್ಲಿ ಮಕ್ಕಳು ಸಾವಿರಾರು. ಆ ತಿಂಗಳಲ್ಲಿ ಯುದ್ಧವಿರಾಮವಾಗಿ, ಜೀವದಿಂದಿದ್ದ ಕೊನೆಯ 20 ಮಂದಿ ಸೆರೆಯವರು ಮನೆಗೆ ಬಂದರು. ದಂಡು ಹಿಂದಕ್ಕೆ ಸರಿದು ನಿಂತ ಗೆರೆಗೆ ಈ ಸಾರಿ ಹಳದಿ ಗೆರೆಯೆಂದು ಹೆಸರು. ಹಳದಿ ಬಣ್ಣ ಬಳಿದ ಕಾಂಕ್ರೀಟು ದಿಮ್ಮಿಗಳನ್ನಿಟ್ಟು ಅದನ್ನು ಗುರುತಿಸತೊಡಗಿದರು. ಅದೂ ತಾತ್ಕಾಲಿಕವಾದ ಗೆರೆಯೇ.

ಹಾಗಾದರೆ ಸಮಾಧಾನಕ್ಕೆ ದಾರಿಗಳೇ ಇಲ್ಲವೋ? ದಾರಿಗಳನ್ನು ಬಲ್ಲವರು ಹೊಸದಾಗಿ ಕಂಡುಹಿಡಿಯಬೇಕಾದದ್ದು ಬಹಳವಿಲ್ಲ. ಮೇರೆಯ ವಿಷಯದಲ್ಲಿ 1967ರ ಗೆರೆಯನ್ನೇ ಆಧಾರವಾಗಿ ಹಿಡಿದು, ಗೆರೆಗೆ ಅಂಟಿಕೊಂಡಿರುವ ದೊಡ್ಡ ವಸಾಹತುಗಳಿಗೆ ಪ್ರತಿಯಾಗಿ ಅಷ್ಟೇ ನೆಲವನ್ನು ಇಸ್ರಾಯೇಲ್ ಬೇರೆ ಕಡೆ ಕೊಡಬಹುದೆಂದು ಎರಡು ಕಡೆಯ ಸಂಧಾನಕಾರರೂ ಅನೇಕ ಸಾರಿ ಆಲೋಚಿಸಿದ್ದಾರೆ. ಯೆರೂಸಲೇಮಿನಲ್ಲಿ ಅರಬ್ ಕೇರಿಗಳು ಪಲೆಸ್ತೀನಕ್ಕೆ, ಯೆಹೂದ್ಯ ಕೇರಿಗಳು ಇಸ್ರಾಯೇಲಿಗೆ ಎಂಬ ಸೂತ್ರವನ್ನು 2000ದ ದಶಂಬರಿನಲ್ಲಿ ಅಮೆರಿಕದ ಅಧ್ಯಕ್ಷ ಕ್ಲಿಂಟನರು ಮುಂದಿಟ್ಟರು. 2002ರ ಮಾರ್ಚಿನಲ್ಲಿ ಅರಬ್ ರಾಜ್ಯಗಳೆಲ್ಲ ಬೇರೂತಿನಲ್ಲಿ ಕೂಡಿ, 1967ರಲ್ಲಿ ಹಿಡಿದ ನೆಲವನ್ನು ಬಿಟ್ಟು ಪಲೆಸ್ತೀನ ರಾಜ್ಯಕ್ಕೆ ಒಪ್ಪಿದರೆ ತಾವೆಲ್ಲರೂ ಇಸ್ರಾಯೇಲಿನೊಂದಿಗೆ ಸಮಾಧಾನ ಮಾಡಿಕೊಳ್ಳುವೆವೆಂದವು. ಸಾದಾತರನ್ನು ಹೊರಗಿಟ್ಟ ಕೂಟವೇ ಇದನ್ನು ಹೇಳಿತೆಂಬದನ್ನು ಗಮನಿಸಿರಿ.

ಎಲ್ಲಕ್ಕಿಂತ ಕಠಿಣವಾದದ್ದು ನಿರಾಶ್ರಿತರದು. ವಿಶ್ವಸಂಸ್ಥೆಯ ಪಟ್ಟಿಯಲ್ಲಿ ಅವರೂ ಅವರ ಸಂತತಿಯೂ ಕೂಡಿ ಸುಮಾರು 59 ಲಕ್ಷ. 1948ರ ದಶಂಬರಿನ 194ನೆಯ ಠರಾವು, ನೆರೆಯವರೊಂದಿಗೆ ಸಮಾಧಾನದಿಂದ ಬಾಳಲಿಚ್ಛಿಸುವವರು ಮರಳಿ ಬರಬಹುದು, ಬರಲೊಲ್ಲದವರಿಗೆ ನಷ್ಟಪರಿಹಾರ ಸಲ್ಲಬೇಕು ಎಂದಿತು. ಎಲ್ಲರೂ ಮರಳಿದರೆ ಯೆಹೂದ್ಯರಿಗಿರುವ ಒಂದೇ ಆಶ್ರಯಸ್ಥಾನ ಹೋಗುವದೆಂದು ಇಸ್ರಾಯೇಲ್ ಹೆದರುತ್ತದೆ. ಕೆಲವರು ಹೊಸ ಪಲೆಸ್ತೀನ ರಾಜ್ಯಕ್ಕೆ, ಕೆಲವರು ಈಗಿರುವ ದೇಶದಲ್ಲೇ, ಕೆಲವರು ಮೂರನೆಯ ದೇಶಗಳಿಗೆ, ಕೊಂಚ ಮಂದಿ ಇಸ್ರಾಯೇಲಿಗೆ, ಎಲ್ಲರಿಗೂ ಪರಿಹಾರ ಎಂಬ ವಿಂಗಡಣೆಯನ್ನು ಸಂಧಾನಕಾರರು ಬರೆದಿದ್ದಾರೆ. ನನ್ನ ಅಲ್ಪ ಅಭಿಪ್ರಾಯದಲ್ಲಿ ಹಣಕ್ಕಿಂತ ಮುಂಚೆ ಬೇಕಾದದ್ದು, ನಿಮಗೆ ಅನ್ಯಾಯವಾಯಿತೆಂಬ ಒಂದು ಮಾತು. ಬೀಗದ ಕೈಯನ್ನು ಇಟ್ಟುಕೊಂಡಿರುವ ಮನೆಯವರು ಆ ಮಾತಿಗಾಗಿ 1948ರಿಂದ ಕಾದಿದ್ದಾರೆ.

ಸೀನಾಯಿಯು ಬಹುಮಟ್ಟಿಗೆ ಜನರಿಲ್ಲದ ಅರಣ್ಯ, ಪಶ್ಚಿಮ ದಡವು ಹಳ್ಳಿ ಹಳ್ಳಿಗೂ ಹೆಣೆದುಕೊಂಡ ನೆಲ; ಆದಕಾರಣ ನನ್ನ ಹೋಲಿಕೆಯು ಪೂರ್ಣವಲ್ಲವೆಂದು ಒಪ್ಪುತ್ತೇನೆ. ಹೆಣೆದುಕೊಂಡದ್ದನ್ನು ಇನ್ನು ಬಿಡಿಸಲಾಗದೆಂದು ಹೇಳಿ, 1947ರಲ್ಲಿ ಭಾರತವು ಹೇಳಿದ್ದಕ್ಕೆ ಹತ್ತಿರವಾದ ದಾರಿಯನ್ನು ಹುಡುಕುವವರೂ ಎರಡು ಕಡೆಗಳಲ್ಲಿದ್ದಾರೆ: ಎರಡು ರಾಜ್ಯಗಳಿರಲಿ, ಆದರೆ ನಡುವಿನ ಬಾಗಿಲು ತೆರೆದಿರಲಿ, ಯೆರೂಸಲೇಮು ಇಬ್ಬರದಾಗಿರಲಿ, ಒಂದು ರಾಜ್ಯದ ಪ್ರಜೆಯು ಇನ್ನೊಂದರ ಕಾನೂನಿಗೆ ಒಳಪಟ್ಟು ಅಲ್ಲಿ ವಾಸಿಸಲಿ ಎಂದು ಅವರ ಆಲೋಚನೆ. ಒಂದೇ ರಾಜ್ಯವಾಗಿ ಎಲ್ಲರಿಗೂ ಸಮಾನ ಹಕ್ಕು ಬರಲೆನ್ನುವವರೂ ಉಂಟು. ಯಾವದಾದರೂ ಆಗಲಿ, ಒಬ್ಬನಿಗೆ ಮತವೂ ಕೋರ್ಟೂ, ಅವನ ನೆರೆಯವನಿಗೆ ದಂಡಿನ ಅಪ್ಪಣೆ ಎಂಬ ಈಗಿನ ಸ್ಥಿತಿಯನ್ನು ನೀತಿಯೆಂದು ಕರೆಯುವದಕ್ಕೆ ಮೋಶೆಯ ಧರ್ಮಶಾಸ್ತ್ರವನ್ನು ಓದಿದವರಿಗೆ ಸಾಧ್ಯವಾಗದು. ನೆರೆಯವನ ಮೇರೆಯನ್ನು ಜರುಗಿಸಬಾರದೆಂಬ ಆಜ್ಞೆಯೂ, ಪರದೇಶಸ್ಥನ ನ್ಯಾಯವನ್ನು ತಪ್ಪಿಸಬಾರದೆಂಬ ಆಜ್ಞೆಯೂ ಅದರಲ್ಲಿ ಒಂದಕ್ಕೊಂದು ಹತ್ತಿರದಲ್ಲೇ ಇವೆ.

ಕೊನೆಯದಾಗಿ ಕೆಲವು ಕುಟುಂಬಗಳ ವಿಷಯ. ಯಿಟ್ಜಾಕ್ ಫ್ರಾಂಕೆಂತಾಲ್ ಎಂಬ ಧರ್ಮನಿಷ್ಠ ಯೆಹೂದ್ಯರ ಮಗನಾದ ಆರಿಕನನ್ನು 1994ರಲ್ಲಿ ಹಮಾಸಿನವರು ಹಿಡಿದು ಕೊಂದರು. ಆ ತಂದೆಯು ಮರುವರುಷ, ತನ್ನಂತೆಯೇ ಮಕ್ಕಳನ್ನು ಕಳಕೊಂಡ ಮನೆಗಳವರನ್ನು ಹುಡುಕುತ್ತಾ ಹೋಗಿ ಒಂದು ಕೂಟವನ್ನು ಸ್ಥಾಪಿಸಿದರು. ಪಲೆಸ್ತೀನ ಕುಟುಂಬಗಳೂ ಅದರಲ್ಲಿ ಸೇರಿದವು. ಈಗ ಎರಡು ಕಡೆಯ ಆರುನೂರಕ್ಕೂ ಹೆಚ್ಚು ಮನೆಗಳು ಅದರಲ್ಲಿವೆ. ಮಗಳನ್ನು ಸಿಪಾಯಿಯ ಗುಂಡಿಗೆ ಕೊಟ್ಟ ತಂದೆಯೂ, ಮಗಳನ್ನು ಬಾಂಬಿಗೆ ಕೊಟ್ಟ ತಂದೆಯೂ ಒಂದೇ ಶಾಲೆಯ ಮಕ್ಕಳ ಮುಂದೆ ಪಕ್ಕಪಕ್ಕದಲ್ಲಿ ನಿಂತು ಮಾತಾಡಿದ್ದಾರೆ. ಅವರು ಮೇರೆಯನ್ನು ನಿಶ್ಚಯಿಸಲಾರರು. ಅದು ಸರಕಾರಗಳ ಕೆಲಸ. ಆದರೂ 2023ರ ಅಕ್ಟೋಬರಿನ ತರುವಾಯ, ಮಾತಾಡುವದೇ ದ್ರೋಹವೆಂದು ಎರಡು ಕಡೆಯವರೂ ಕೂಗುತ್ತಿದ್ದಾಗ, ಅವರ ಕೂಟವು ಒಡೆಯಲಿಲ್ಲ.

ಈ ಪಾಠವನ್ನು ಕೂಟದಲ್ಲಿ ಓದುವವರು ಆದಿಕಾಂಡದ 23ನೆಯ ಅಧ್ಯಾಯವನ್ನೂ 25ನೆಯದರ ಮೊದಲ ಭಾಗವನ್ನೂ ಕೂಡಿಸಿ ಓದಿ, ಭೂಪಟದಲ್ಲಿ ಹೆಬ್ರೋನ್, ಬೇತ್ಲೆಹೇಮು, ಗಾಜಾ ಇವು ಮೂರನ್ನೂ ಮಕ್ಕಳಿಗೆ ಬೆರಳಿಟ್ಟು ತೋರಿಸಿರಿ. ತಾಬಾ ಅದರಲ್ಲಿ ಇರುವದಿಲ್ಲ; ಕೆಂಪು ಸಮುದ್ರದ ಬಡಗಣ ತುದಿಯಲ್ಲಿ, ಎಲತಿನ ಪಕ್ಕದಲ್ಲಿ, ಒಂದು ಚುಕ್ಕೆ ಇಟ್ಟುಕೊಳ್ಳಿರಿ.